ಕೀಲಿ ಹಾಕಿದ್ದೆ, ಚಾವಿ ಅಲ್ಲೇ ಬಿಟ್ಟಿದ್ದೆ

ಕಲಬುರಗಿಯ ತೊಗರಿ ವ್ಯಾಪಾರಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳೋದು ನನ್ನ ಕೆಲಸ. ಅದರ ಹಿಂದೆ ಮಾರಿಯಾಡಿಬಿ ಡೇಟಾಬೇಸ್ ಸರ್ವರ್‌ಗಳು, ಅವುಗಳ ಮುಂದೆ ಎರಡು ಮ್ಯಾಕ್ಸ್‌ಸ್ಕೇಲ್ ಪ್ರಾಕ್ಸಿ, ಅಂದರೆ ಸಾಫ್ಟ್‌ವೇರ್‌ಗೂ ಡೇಟಾಬೇಸ್‌ಗೂ ನಡುವಿನ ಮಧ್ಯವರ್ತಿ. ಸುಗ್ಗಿಯ ಹೊತ್ತಿಗೇ ಒಂದು ಪ್ರಾಕ್ಸಿ ಕೈಕೊಟ್ಟಿತು. ಗಾಬರಿಯಲ್ಲಿ ಅದರ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲನ್ನು ಪೂರಾ ವಾಟ್ಸಾಪ್‌ನಲ್ಲಿ ಗೆಳೆಯನಿಗೆ ಕಳಿಸಿದೆ. "ಮೊದಲ ಪಾಸ್‌ವರ್ಡ್ ಬದಲ್ ಮಾಡಪಾ, ಉಳಿದದ್ದು ಆಮ್ಯಾಲ ನೋಡೂಣು" ಅಂದ. ಆ ಫೈಲಿನ ಸರ್ವಿಸ್, ಮಾನಿಟರ್ ಎರಡೂ ವಿಭಾಗಗಳಲ್ಲಿ ಪಾಸ್‌ವರ್ಡ್ ಯಾರು ಬೇಕಾದರೂ ಓದುವಂತೆ ಕೂತಿತ್ತು.

ಹ್ಯಾಶ್ ಮಾಡಿದರಾಯಿತು, ಅಂದರೆ ವಾಪಸ್ ತಿರುಗಿಸಲಾಗದಂತೆ ಬದಲಿಸಿಟ್ಟರಾಯಿತು ಅನ್ನಿಸೀತು. ಆಗೋದಿಲ್ಲ. ಪ್ರಾಕ್ಸಿ ತಾನೇ ಡೇಟಾಬೇಸ್‌ಗೆ ಲಾಗಿನ್ ಆಗಬೇಕು, ಅದಕ್ಕೆ ಮೂಲ ಪಾಸ್‌ವರ್ಡ್ ವಾಪಸ್ ಸಿಗಲೇಬೇಕು. ಹಾಗಾಗಿ ಎನ್‌ಕ್ರಿಪ್ಷನ್, ಅಂದರೆ ಕೀ ಇದ್ದರೆ ಬಿಚ್ಚಬಹುದಾದ ಗುಪ್ತಲಿಪಿ.

ಕೆಲಸ ಸಣ್ಣದು. ಮ್ಯಾಕ್ಸ್‌ಸ್ಕೇಲ್ ಜೊತೆಗೇ ಬರುವ ಮ್ಯಾಕ್ಸ್‌ಕೀಸ್ ಕಮಾಂಡ್ ಓಡಿಸಿದರೆ ಡೇಟಾ ಡೈರೆಕ್ಟರಿಯಲ್ಲಿ ಡಾಟ್ ಸೀಕ್ರೆಟ್ಸ್ ಅನ್ನೋ ಕೀ ಫೈಲ್ ಹುಟ್ಟುತ್ತದೆ. ಮ್ಯಾಕ್ಸ್‌ಪಾಸ್‌ಡಬ್ಲ್ಯುಡಿ ಕಮಾಂಡ್‌ಗೆ ಹೊಸ ಪಾಸ್‌ವರ್ಡ್ ಕೊಟ್ಟರೆ, ಎನ್‌ಕ್ರಿಪ್ಟ್ ಆದ ಉದ್ದನೆಯ ಹೆಕ್ಸ್ ಸಾಲು (ಅಂಕಿ, ಅಕ್ಷರಗಳ ಸರಣಿ) ಬರುತ್ತದೆ. ಅದನ್ನೇ ಕಾನ್ಫಿಗ್‌ನಲ್ಲಿ ಅಂಟಿಸಿ ರೀಸ್ಟಾರ್ಟ್. ಆದರೆ ಕಮಾಂಡ್ ಜೊತೆಗೇ ಪಾಸ್‌ವರ್ಡ್ ಟೈಪ್ ಮಾಡಿದರೆ ಅದು ಶೆಲ್ ಹಿಸ್ಟರಿಯಲ್ಲಿ, ಅಂದರೆ ಟೈಪ್ ಮಾಡಿದ ಕಮಾಂಡ್‌ಗಳ ದಾಖಲೆಯಲ್ಲಿ, ಉಳಿಯುತ್ತದೆ. ನಾನು ಅಳಿಸಿದ್ದು ಮರುದಿನ, ನೆನಪಾದ ಮೇಲೆ.

ಮೊದಲ ಪ್ರಾಕ್ಸಿ ಸಲೀಸಾಗಿ ಎದ್ದಿತು. ಎರಡನೆಯದಕ್ಕೆ ಕಾನ್ಫಿಗ್ ಮಾತ್ರ ಕಾಪಿ ಮಾಡಿದ್ದೆ. ಅಲ್ಲಿ ಕೀ ಫೈಲೇ ಇಲ್ಲದ್ದಕ್ಕೆ ಆ ಹೆಕ್ಸ್ ಸಾಲನ್ನೇ ನಿಜವಾದ ಪಾಸ್‌ವರ್ಡ್ ಅಂತ ತಿಳಿದು ಸರ್ವರ್‌ಗೆ ಒಪ್ಪಿಸುತ್ತಿತ್ತು. ಲಾಗ್ ತುಂಬ 'ಆಕ್ಸೆಸ್ ಡಿನೈಡ್'. ಕೀ ಫೈಲನ್ನೂ ಒಯ್ದೆ, ರೂಟ್ (ಸರ್ವಾಧಿಕಾರವಿರುವ ಯೂಸರ್) ಆಗಿ. ಈಗ ಪ್ರಾಕ್ಸಿ ಏಳಲೇ ಒಲ್ಲದು! ಎಲ್ಲರಿಗೂ ಓದಲು ಬರುವ ಕೀ ಫೈಲನ್ನು ಅದು ಒಪ್ಪುವುದಿಲ್ಲ. ಮಾಲೀಕತ್ವ ಮ್ಯಾಕ್ಸ್‌ಸ್ಕೇಲ್ ಯೂಸರ್‌ಗೆ ಕೊಟ್ಟು, ಪರ್ಮಿಷನ್ 400 (ಮಾಲೀಕ ಮಾತ್ರ ಓದಬಹುದು) ಮಾಡಿದ ಮೇಲೆ ದಾರಿಗೆ ಬಂತು. ಈ ಹಠ ನನಗೆ ಹಿಡಿಸಿತು.

ವಾರದ ನಂತರ ಬ್ಯಾಕಪ್ ಬಿಚ್ಚಿ ನೋಡಿದರೆ ಕಾನ್ಫಿಗ್, ಕೀ ಫೈಲ್ ಎರಡೂ ಒಂದೇ ಆರ್ಕೈವ್‌ನಲ್ಲಿ. ಕೀಲಿ ಹಾಕಿ ಚಾವಿಯನ್ನು ಅದಕ್ಕೇ ಜೋತುಬಿಟ್ಟಂತಾಗಿತ್ತು. ಹಳೆಯ ಆರ್ಕೈವ್‌ಗಳನ್ನು ಅಳಿಸಿದೆ, ಕೀ ಹೊಸದು ಮಾಡಿದೆ, ಪಾಸ್‌ವರ್ಡ್ ಮತ್ತೊಮ್ಮೆ ಬದಲಾಯಿಸಿದೆ. ಈಗ ಕೀ ಫೈಲಿನ ಬ್ಯಾಕಪ್ಪೇ ಇಡುವುದಿಲ್ಲ. ಅಸಲಿ ಪಾಸ್‌ವರ್ಡ್‌ಗಳು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿವೆ. ಡಿಸ್ಕ್ ಹೋದರೆ ಮ್ಯಾಕ್ಸ್‌ಕೀಸ್ ಮತ್ತೆ ಓಡಿಸುವುದು, ಎರಡು ಸಾಲು ಮತ್ತೆ ಅಂಟಿಸುವುದು, ಅಷ್ಟೇ.