ಸಾಸೇಜ್ ಸುಲಿದು ಉಂಡೆ ಕಟ್ಟಿ

ಕೈಮ ಉಂಡೆ ಸಾರು ಮಾಡಬೇಕೆಂದರೆ ಅರ್ಧ ದಿನ ಅದಕ್ಕೇ ಮೀಸಲು. ಕೈಮ ತಂದು ನೀರು ಹಿಂಡಬೇಕು, ಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ರುಬ್ಬಬೇಕು, ಹುರಿಗಡಲೆ ಪುಡಿ ಮಾಡಬೇಕು. ಇಷ್ಟಾದ ಮೇಲೂ ಕುದಿಯುವ ಸಾರಿಗೆ ಇಳಿಬಿಟ್ಟ ಉಂಡೆ ಒಡೆದೀತೆಂಬ ಆತಂಕ. ಭಾನುವಾರಕ್ಕೆ ಅದು ಸರಿ. ಕಚೇರಿಯಿಂದ ದಣಿದು ಬಂದ ಸಂಜೆಗೆ ಬ್ರಿಟನ್ ಮತ್ತು ಇಟಲಿಯ ಮನೆಗಳು ಕಂಡುಕೊಂಡಿರುವ ಒಳದಾರಿಯೊಂದಿದೆ: ಹಸಿ ಸಾಸೇಜ್ ತಂದು, ಸಿಪ್ಪೆ ಸುಲಿದು, ಒಳಗಿನ ಮಾಂಸವನ್ನೇ ಉಂಡೆ ಕಟ್ಟುವುದು. ಒಂದೂಕಾಲು ಗಂಟೆಯಲ್ಲಿ ಊಟ ಸಿದ್ಧ.

ಈ ದಾರಿ ನನಗೆ ಇಷ್ಟವಾಗಿರುವುದು ಸಮಯ ಉಳಿಯುತ್ತದೆ ಎಂದಷ್ಟೇ ಅಲ್ಲ. ಒಳ್ಳೆಯ ಉಂಡೆಗೆ ಬೇಕಾದುದೆಲ್ಲ ಸಾಸೇಜಿನಲ್ಲಿ ಮೊದಲೇ ಕೂಡಿಕೊಂಡಿರುತ್ತದೆ. ಮಾಂಸಕ್ಕೆ ಉಪ್ಪು ಬೆರೆಸಿ ನಾದಿದಾಗ ಮಯೋಸಿನ್ ಎಂಬ ಪ್ರೋಟೀನ್ ಕರಗಿ ಹೊರಬಂದು ಅಂಟಾಗುತ್ತದೆ. ಕಾವು ತಗುಲಿದಾಗ ಆ ಅಂಟೇ ಗಟ್ಟಿಯಾಗಿ ಉಂಡೆಯನ್ನು ಹಿಡಿದಿಡುತ್ತದೆ. ಸಾಸೇಜ್ ತಯಾರಿಸಿದವರು ಉಪ್ಪು ಹಾಕಿ ನಾದಿ ಈ ಕೆಲಸವನ್ನು ಆಗಲೇ ಮುಗಿಸಿರುತ್ತಾರೆ. ಜೊತೆಗೆ ಸಾಮಾನ್ಯವಾಗಿ ಕಾಲುಭಾಗದಷ್ಟು ನೆಣ ಇರುವುದರಿಂದ ಉಂಡೆ ಒಣಗುವುದಿಲ್ಲ. ಮಸಾಲೆಯೂ ಮಾಂಸದೊಳಗೆ ಇಳಿದಿರುತ್ತದೆ. ಹಾಗಾಗಿ ಇಲ್ಲಿ ಅಡುಗೆಯವರ ಜಾಣತನವೆಲ್ಲ ಏನನ್ನು ಸೇರಿಸಬಾರದು ಎಂದು ತಿಳಿಯುವುದರಲ್ಲಿದೆ.

ಯಾವ ಸಾಸೇಜ್?

ಹಸಿ ಸಾಸೇಜ್ ಮಾತ್ರ. ನಮ್ಮ ಸೂಪರ್ ಮಾರ್ಕೆಟ್ಟುಗಳ ಫ್ರೀಜರಿನಲ್ಲಿರುವ ನುಣುಪಾದ ಚಿಕನ್ ಸಾಸೇಜ್‌ಗಳಲ್ಲಿ ಹೆಚ್ಚಿನವು ಕಾರ್ಖಾನೆಯಲ್ಲೇ ಬೆಂದು ಬಂದವು. ಅವುಗಳ ಪ್ರೋಟೀನ್ ಆಗಲೇ ಗಟ್ಟಿಯಾಗಿರುತ್ತದೆ. ಎಷ್ಟು ಹಿಸುಕಿದರೂ ಪುಡಿಯಾಗುತ್ತವೆಯೇ ಹೊರತು ಉಂಡೆಯಾಗುವುದಿಲ್ಲ. ಪೊಟ್ಟಣದ ಮೇಲೆ ಬೇಯಿಸಿದ್ದು ಎಂದಿದ್ದರೆ ಬಿಟ್ಟುಬಿಡಿ.

ಬ್ರಿಟನ್ನಿನಲ್ಲಿರುವವರಿಗೆ ಕಷ್ಟವಿಲ್ಲ. ಅಲ್ಲಿ ಸಿಪ್ಪೆಯೇ ಇಲ್ಲದ ಸಾಸೇಜ್ ಮಾಂಸ ಪೊಟ್ಟಣದಲ್ಲಿ ಸಿಗುತ್ತದೆ. ಕ್ರಿಸ್‌ಮಸ್ ಸಮಯದಲ್ಲಿ ಟರ್ಕಿ ಕೋಳಿಯ ಜೊತೆಗಿನ ಹೂರಣಕ್ಕೂ ಅದೇ ಬಳಕೆ. ಲಿಂಕನ್‌ಶೈರ್ ಸಾಸೇಜಿನಲ್ಲಿ ಸೇಜ್ ಎಲೆಯ ಪರಿಮಳ, ಕಂಬರ್ಲೆಂಡಿನದರಲ್ಲಿ ಕಾಳುಮೆಣಸಿನ ಖಾರ. ಒಂದು ವಿಷಯ ಗಮನದಲ್ಲಿರಲಿ: ಬ್ರಿಟಿಷ್ ಸಾಸೇಜಿಗೆ ರಸ್ಕ್ ಪುಡಿ ಬೆರೆಸುವುದು ವಾಡಿಕೆ. ಹಂದಿಮಾಂಸದ ಸಾಸೇಜ್ ಎಂದು ಮಾರಲು ಅಲ್ಲಿನ ನಿಯಮದ ಪ್ರಕಾರ ಕನಿಷ್ಠ ಶೇ 42ರಷ್ಟು ಹಂದಿಮಾಂಸವಿದ್ದರೆ ಸಾಕು. ಉಂಡೆಗೆ ಶೇ 80 ದಾಟಿದ್ದನ್ನೇ ಆರಿಸಿ. ಇಟಲಿಯ ಸಾಲ್ಸಿಚ್ಚಾ ಎಂಬ ಹಸಿ ಸಾಸೇಜಿನಲ್ಲಿ ಸಾಮಾನ್ಯವಾಗಿ ಬ್ರೆಡ್ಡಿನ ಪುಡಿ ಇರುವುದಿಲ್ಲ. ಅನೇಕ ಕಡೆ ಸೋಂಪು ಬೀಳುತ್ತದೆ. ಅದು ನಮ್ಮ ನಾಲಿಗೆಗೆ ಬಲುಬೇಗ ಒಗ್ಗುತ್ತದೆ.

ಕರ್ನಾಟಕದಲ್ಲಿರುವವರು ಹಂದಿಮಾಂಸದ ಅಂಗಡಿಯಲ್ಲಿ ಹಸಿ ಸಾಸೇಜ್ ಕೇಳಿ ನೋಡಿ. ಸಿಗದಿದ್ದರೆ ಮನೆಯಲ್ಲೇ ಸಾಸೇಜ್ ಮಾಂಸ ಮಾಡಿಕೊಳ್ಳಬಹುದು. ಮುಂಗಾಲಿನ ಮೇಲ್ಭಾಗದ ಮಾಂಸವನ್ನು ನೆಣದ ಸಮೇತ ಕೈಮ ಮಾಡಿಸಿ ತನ್ನಿ. 500 ಗ್ರಾಂಗೆ 8 ಗ್ರಾಂ ಉಪ್ಪು, ಒಂದು ಚಮಚ ತರಿತರಿಯಾಗಿ ಕುಟ್ಟಿದ ಸೋಂಪು, ಅರ್ಧ ಚಮಚ ಕಾಳುಮೆಣಸಿನ ಪುಡಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ ಹಾಕಿ, ಕೈಗೆ ಅಂಟುವವರೆಗೆ ಕಲಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಗೋವಾದ ಶೊರಿಸ್ ಎಂಬ ಸಾಸೇಜ್ ಒಂದನ್ನೇ ಬಳಸಬೇಡಿ. ವಿನೆಗರ್, ಒಣಮೆಣಸಿನಕಾಯಿ, ಉಪ್ಪು ಅದರಲ್ಲಿ ಬಹಳ ತೀಕ್ಷ್ಣ. ಆದರೆ ಉಪ್ಪು ಹಾಕದ ಮೂರು ಪಾಲು ಹಂದಿ ಕೈಮಕ್ಕೆ ಒಂದು ಪಾಲು ಶೊರಿಸ್ ಬೆರೆಸಿದರೆ ಬರುವ ರುಚಿಯೇ ಬೇರೆ.

ಉಂಡೆ ಕಟ್ಟುವ ಬಗೆ

ನಾಲ್ವರಿಗೆ 500 ಗ್ರಾಂ ಸಾಸೇಜ್ ಸಾಕು. ಫ್ರಿಜ್ಜಿನಿಂದ ತೆಗೆದ ಕೂಡಲೇ ಕೆಲಸ ಶುರು ಮಾಡಿ; ತಣ್ಣಗಿದ್ದರೆ ಸಿಪ್ಪೆ ಚೆನ್ನಾಗಿ ಬಿಡುತ್ತದೆ. ಚೂಪು ಚಾಕುವಿನಿಂದ ಉದ್ದಕ್ಕೆ ಒಂದು ಗೀರು ಹಾಕಿ ಸಿಪ್ಪೆಯನ್ನು ಎಳೆದು ತೆಗೆಯಿರಿ. ತುಂಬ ಅವಸರವಿದ್ದರೆ ತುದಿ ಕತ್ತರಿಸಿ, ಬೆರಳಿನಿಂದ ಒತ್ತುತ್ತ ಸಣ್ಣ ಸಣ್ಣ ತುಂಡುಗಳನ್ನು ನೇರವಾಗಿ ಕುದಿಯುವ ಸೂಪಿಗೇ ಹಿಂಡಬಹುದು. ಜರ್ಮನಿಯ ಮನೆಗಳಲ್ಲಿ ಬ್ರಾಟ್‌ವುರ್ಸ್ಟ್ ಎಂಬ ಹಸಿ ಸಾಸೇಜನ್ನು ಹೀಗೆಯೇ ಹಿಂಡಿ ಸೂಪಿಗೆ ಇಳಿಬಿಡುತ್ತಾರೆ.

ಬರಿಯ ಮಾಂಸದ ಸಾಸೇಜ್ ಆಗಿದ್ದರೆ 40 ಗ್ರಾಂ ಬ್ರೆಡ್ ಪುಡಿಯನ್ನು ನಾಲ್ಕು ದೊಡ್ಡ ಚಮಚ ಹಾಲಿನಲ್ಲಿ ಐದು ನಿಮಿಷ ನೆನೆಸಿ ಸೇರಿಸಿ. ಈ ನೆನೆದ ಬ್ರೆಡ್ ಮಾಂಸದ ರಸವನ್ನು ಹಿಡಿದಿಟ್ಟು ಉಂಡೆಯನ್ನು ಮೆದುವಾಗಿಸುತ್ತದೆ. ಬ್ರೆಡ್ ಪುಡಿಯ ಬದಲು ಹುರಿಗಡಲೆ ಪುಡಿ ಹಾಕುವುದಾದರೆ ಎರಡು ದೊಡ್ಡ ಚಮಚಕ್ಕಿಂತ ಹೆಚ್ಚು ಬೇಡ, ಅದು ನೀರು ಹೀರುವುದು ಜಾಸ್ತಿ. ರಸ್ಕ್ ಇರುವ ಬ್ರಿಟಿಷ್ ಸಾಸೇಜಿಗೆ ಇವೆರಡೂ ಬೇಕಿಲ್ಲ. ಬೇಕಾದರೆ ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು, ಒಂದು ಹಸಿಮೆಣಸಿನಕಾಯಿ ಸೇರಿಸಿ. ಉಪ್ಪು ಹಾಕಲೇಬೇಡಿ. ಮೊಟ್ಟೆಯೂ ಬೇಡ, ಹಿಡಿದಿಡುವ ಅಂಟು ಆಗಲೇ ಇದೆ.

ಬೆರಳ ತುದಿಯಿಂದ ಹಗುರಾಗಿ ಬೆರೆಸಿ, ಎಲ್ಲವೂ ಹೊಂದಿಕೊಂಡ ಕೂಡಲೇ ನಿಲ್ಲಿಸಿ. ಚಪಾತಿ ಹಿಟ್ಟಿನಂತೆ ನಾದುತ್ತ ಹೋದರೆ ಉಂಡೆ ರಬ್ಬರಾಗುತ್ತದೆ. ಇನ್ನು ರುಚಿ ನೋಡುವುದು: ಹಸಿ ಮಾಂಸವನ್ನು ನಾಲಿಗೆಗೆ ತಗುಲಿಸದೆ, ಅಡಿಕೆ ಗಾತ್ರದ ಚೂರನ್ನು ಬಾಣಲೆಯಲ್ಲಿ ಪೂರ್ತಿ ಬೇಯಿಸಿ ತಿಂದು ನೋಡಿ. ಉಪ್ಪು ಜಾಸ್ತಿ ಎನಿಸಿದರೆ ಸ್ವಲ್ಪ ಸಾದಾ ಕೈಮ ಬೆರೆಸಲು ಆಗಲೂ ಅವಕಾಶವಿದೆ.

ಕೈ ಒದ್ದೆ ಮಾಡಿಕೊಂಡು ನಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕದಾಗಿ, ತಲಾ 30 ಗ್ರಾಂನಷ್ಟು ತೆಗೆದುಕೊಂಡು ಉರುಟಿ. ಬ್ರೆಡ್ ಸೇರಿಸಿದ್ದರೆ ಇಪ್ಪತ್ತರ ಹತ್ತಿರ ಉಂಡೆಗಳಾಗುತ್ತವೆ. ತಟ್ಟೆಯಲ್ಲಿ ಹರಡಿ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಸಮಯವಿಲ್ಲವೆಂದು ಈ ಹಂತವನ್ನು ಬಿಡಬೇಡಿ. ನೆಣ ಗಟ್ಟಿಯಾದರೆ ಮಾತ್ರ ಬಾಣಲೆಯಲ್ಲಿ ಉಂಡೆಯ ಆಕಾರ ನಿಲ್ಲುತ್ತದೆ. ಅಷ್ಟರಲ್ಲಿ ಹಲಗೆ, ಚಾಕು, ಕೈಗಳನ್ನು ಸೋಪು ಹಾಕಿ ತೊಳೆದುಬಿಡಿ.

ಒಲೆಯ ಮೇಲೆ

ಅಗಲ ತಳದ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಸಾಕು, ಉಳಿದದ್ದನ್ನು ಸಾಸೇಜಿನ ನೆಣವೇ ಕೊಡುತ್ತದೆ. ಮಧ್ಯಮ ಉರಿಯಲ್ಲಿ ಉಂಡೆಗಳನ್ನು ಒಂದಕ್ಕೊಂದು ತಾಗದಂತೆ ಇಡಿ. ಒತ್ತೊತ್ತಾಗಿ ತುಂಬಿದರೆ ನೀರು ಬಿಟ್ಟು ಬೆಂದು ಬಿಳುಚಿಕೊಳ್ಳುತ್ತವೆ. ಒಂದು ಮಗ್ಗುಲು ಕಂದು ಬಣ್ಣಕ್ಕೆ ಬರುವವರೆಗೆ ಮುಟ್ಟಬೇಡಿ. ಚೆನ್ನಾಗಿ ಕೆಂಪಾದ ಉಂಡೆ ತಾನೇ ತಳ ಬಿಡುತ್ತದೆ. ಎಂಟು ಹತ್ತು ನಿಮಿಷಗಳಲ್ಲಿ ಎಲ್ಲ ಮಗ್ಗುಲೂ ಬಣ್ಣ ತಿರುಗಿರುತ್ತದೆ. ಒಲೆಯ ಮುಂದೆ ನಿಲ್ಲಲಾಗದವರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್ನಿನಲ್ಲಿ ಇಪ್ಪತ್ತು ನಿಮಿಷ ಇಡಬಹುದು.

ಉಂಡೆಗಳನ್ನು ತೆಗೆದಿಟ್ಟು, ಅದೇ ಬಾಣಲೆಯಲ್ಲಿ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಬಾಡಿಸಿ. ತಳಕ್ಕೆ ಕಚ್ಚಿದ ಕಂದು ಕಚ್ಚನ್ನು ಸೌಟಿನಿಂದ ಕೆರೆದು ಬಿಡಿಸಿ, ಸಾರಿನ ರುಚಿಯೆಲ್ಲ ಅದರಲ್ಲೇ ಇದೆ. ಹಣ್ಣಾದ ಆರು ಟೊಮೆಟೊ ಹೆಚ್ಚಿ ಹಾಕಿ, ಕರಗಿ ಗೊಜ್ಜಾದ ಮೇಲೆ ಉಂಡೆಗಳನ್ನು ಮರಳಿ ಇಳಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬೇಯಿಸಿ. ಒಳಗಿನ ಉಷ್ಣತೆ ಹಂದಿಮಾಂಸಕ್ಕೆ 71 ಡಿಗ್ರಿ, ಕೋಳಿಮಾಂಸಕ್ಕೆ 74 ಡಿಗ್ರಿ ಮುಟ್ಟಬೇಕು. ಬಣ್ಣವನ್ನು ನಂಬಬೇಡಿ: ಕೆಡದಂತೆ ಕಾಯುವ ನೈಟ್ರೈಟ್ ಎಂಬ ಲವಣ ಹಾಕಿದ ಸಾಸೇಜ್ ಪೂರ್ತಿ ಬೆಂದರೂ ಗುಲಾಬಿಯಾಗಿಯೇ ಉಳಿಯಬಹುದು. ಅಡುಗೆ ಥರ್ಮಾಮೀಟರ್ ಕೊಂಡ ಹಣ ಖಂಡಿತ ವ್ಯರ್ಥವಲ್ಲ.

ಒಲೆ ಆರಿಸಿದ ಮೇಲೆ ಅರ್ಧ ಚಮಚ ಕೊಡಗಿನ ಕಾಚಂಪುಳಿ ಬೆರೆಸಿ. ನೆಣದ ಜಿಡ್ಡನ್ನು ಆ ಕಪ್ಪು ಹುಳಿಯಷ್ಟು ಚೆನ್ನಾಗಿ ಮುರಿಯುವುದು ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲದಿದ್ದರೆ ನಿಂಬೆರಸ ಆದೀತು. ಸ್ಪಗೆಟ್ಟಿಯ ಮೇಲೆ ಮಾಂಸದುಂಡೆ ಬಡಿಸುವುದು ಅಮೆರಿಕಕ್ಕೆ ವಲಸೆ ಹೋದ ಇಟಾಲಿಯನ್ನರು ಬೆಳೆಸಿದ ರೂಢಿ. ಈ ಗೊಜ್ಜಿಗೆ ನನ್ನ ಆಯ್ಕೆ ನೂಪುಟ್ಟು (ಅಕ್ಕಿ ಶಾವಿಗೆ) ಅಥವಾ ಬಿಸಿ ಅಕ್ಕಿರೊಟ್ಟಿ.

ಹೆಚ್ಚು ಉಂಡೆ ಕಟ್ಟಿದ್ದರೆ, ಬೇಯಿಸುವ ಮೊದಲೇ ಟ್ರೇಯಲ್ಲಿ ಬಿಡಿಬಿಡಿಯಾಗಿ ಇಟ್ಟು ಫ್ರೀಜ್ ಮಾಡಿ, ಕಲ್ಲಾದ ಮೇಲೆ ಚೀಲಕ್ಕೆ ತುಂಬಿ. ಎರಡು ತಿಂಗಳೊಳಗೆ ಬಳಸಿದರೆ ರುಚಿ ಕೆಡುವುದಿಲ್ಲ. ಆದರೆ ಮಾಂಸ ಒಮ್ಮೆ ಫ್ರೀಜ್ ಆಗಿ ಕರಗಿದ್ದಾಗಿದ್ದರೆ ಹಸಿಯಾಗಿ ಮತ್ತೆ ಫ್ರೀಜ್ ಮಾಡಬೇಡಿ, ಬೇಯಿಸಿಯೇ ಇಡಿ. ಬೆಂದ ಉಂಡೆ ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ.