ಬ್ರೂಮ್‌ಗೆ ಹೋದರೆ ಒಂದು ದಿನ ಉತ್ತರಕ್ಕೂ ಇಡಿ

ಆಸ್ಟ್ರೇಲಿಯಾದ ಪರ್ತ್‌ಗೆ ಹೊಸದಾಗಿ ಬಂದವರು ಮಕ್ಕಳ ಜುಲೈ ರಜೆಗೆ ಅದೇ ರಾಜ್ಯದ ಉತ್ತರ ಕರಾವಳಿಯ ಊರಾದ ಬ್ರೂಮ್‌ಗೆ ಹೋಗುತ್ತಾರೆ. ಕೇಬಲ್ ಬೀಚ್, ಒಂಟೆ ಸವಾರಿ, ಸೂರ್ಯಾಸ್ತದ ಫೋಟೋ, ಅಷ್ಟಕ್ಕೆ ವಾಪಸ್. ಒಂದು ದಿನ ಜಾಸ್ತಿ ಇಟ್ಟುಕೊಂಡು ಬ್ರೂಮ್‌ನ ಉತ್ತರಕ್ಕಿರುವ ಡ್ಯಾಂಪಿಯರ್ ಪರ್ಯಾಯ ದ್ವೀಪಕ್ಕೂ ಹೋಗಿ ಬನ್ನಿ.

ಅದರ ತುದಿಯ ಅರ್ಡ್ಯಲೂನ್, ಅಂದರೆ ಒನ್ ಆರ್ಮ್ ಪಾಯಿಂಟ್, ಬ್ರೂಮ್‌ನಿಂದ ಸುಮಾರು 200 ಕಿಲೋಮೀಟರ್. ಕೆಂಪು ಮಣ್ಣಲ್ಲಿ ಮೈ ಕೈ ನೋಯಿಸಿಕೊಂಡು ಹೋಗುವ ಕಾಲ ಮುಗಿಯಿತು, 2020ರಲ್ಲಿ ಮುಖ್ಯ ರಸ್ತೆಗೆ ಡಾಂಬರು ಬಿದ್ದಿದೆ. ಆದರೆ ಬೀಚಿಗೆ ಇಳಿಯುವ ಅಡ್ಡದಾರಿಗಳಲ್ಲಿ ಇನ್ನೂ ಮರಳೇ. ಬಾಡಿಗೆ ಕಾರಾದರೆ ಡಾಂಬರು ಬಿಟ್ಟು ಇಳಿದರೆ ವಿಮೆ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ರಸ್ತೆ ಸಲೀಸಾಯಿತು ಅಂತ ಸಿಕ್ಕ ಕಡೆ ನುಗ್ಗುವಂತಿಲ್ಲ. ಈ ದಾರಿಯಲ್ಲಿ ಸಿಗುವವು ಪ್ರವಾಸಿ ತಾಣಗಳಲ್ಲ, ಮೂಲನಿವಾಸಿ ಜನ ವಾಸ ಮಾಡುವ ಊರುಗಳು. ಬೀಗಲ್ ಬೇ ನ್ಯುಲ್ ನ್ಯುಲ್ ಜನರ ನೆಲ, ತುದಿಯ ಕಡೆ ಬಾರ್ಡಿ ಮತ್ತು ಜಾವಿ ಜನರದ್ದು. ಪ್ರವೇಶದ ನಿಯಮ, ಶುಲ್ಕ ಒಂದೊಂದು ಊರಲ್ಲಿ ಒಂದೊಂದು ಥರ, ಆಗಾಗ ಬದಲಾಗುತ್ತವೆ ಕೂಡ. ಹಿಂದಿನ ದಿನವೇ ಬ್ರೂಮ್ ವಿಸಿಟರ್ ಸೆಂಟರ್‌ನಲ್ಲಿ ವಿಚಾರಿಸಿ. ಯಾರಾದರೂ ತೀರಿಕೊಂಡಿದ್ದರೆ ಊರಿಗೆ ಹೊರಗಿನವರನ್ನು ಬಿಡದೆ ಇರಬಹುದು. ಆಗ ವಾದ ಮಾಡದೆ ಮುಂದಕ್ಕೆ ಹೋಗಿ. ಕೇಳದೆ ಯಾರ ಫೋಟೋನೂ ತೆಗೆಯಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ. ಕಾರಲ್ಲಿ ಬಿಯರ್ ಇಟ್ಟುಕೊಳ್ಳಬೇಡಿ. ಎಷ್ಟೋ ಊರುಗಳಲ್ಲಿ ಮದ್ಯಕ್ಕೆ ನಿರ್ಬಂಧ ಇದೆ.

ಬೀಗಲ್ ಬೇಯಲ್ಲಿ ಅವಸರ ಮಾಡಬೇಡಿ. ಅಲ್ಲಿನ ಸೇಕ್ರೆಡ್ ಹಾರ್ಟ್ ಚರ್ಚ್ 1918ರಲ್ಲಿ ಮುಗಿದದ್ದು. ಜರ್ಮನಿಯಿಂದ ಬಂದ ಪ್ಯಾಲೊಟೈನ್ ಎಂಬ ಕ್ಯಾಥೊಲಿಕ್ ಪಂಗಡದ ಮಿಷನರಿಗಳು ಊರಿನ ಜನರ ಜೊತೆ ಸೇರಿ ಕಟ್ಟಿದರು. ಒಳಗೆ ಪೂಜಾವೇದಿಕೆ ತುಂಬ ಮುತ್ತಿನ ಚಿಪ್ಪು. ಬೆಳಕು ಬಿದ್ದರೆ ಮಕ್ಕಳೂ ಸುಮ್ಮನಾಗಿ ನೋಡುತ್ತಾರೆ. ಆದರೆ ಇದೇ ಮಿಷನ್ನಿಗೆ ತಾಯಿ ಮಡಿಲಿಂದ ಬಲವಂತವಾಗಿ ಕಿತ್ತುಕೊಂಡ ಮೂಲನಿವಾಸಿ ಮಕ್ಕಳನ್ನು ತಂದು ಬಿಡುತ್ತಿದ್ದರು. ದೊಡ್ಡ ಮಕ್ಕಳಿದ್ದರೆ ಅದನ್ನೂ ಹೇಳಿ. ಶಾಲೆಯಲ್ಲಿ ‘ಸ್ಟೋಲನ್ ಜನರೇಷನ್ಸ್’ ಅಂತ ಓದುತ್ತಾರಲ್ವಾ, ಅದು ನಡೆದ ಜಾಗಗಳಲ್ಲಿ ಇದೂ ಒಂದು.

ಇನ್ನೂ ಮುಂದಿನ ಊರು ಲೊಂಬಡೀನಾದಲ್ಲಿ ಬಿಳಿ ಮರಳ ದಿಬ್ಬಗಳು. ಅರ್ಡ್ಯಲೂನ್‌ನಲ್ಲಿ ಟ್ರೋಕಸ್ ಶಂಖ ಬೆಳೆಸುವ ಹ್ಯಾಚರಿ ಇದೆ, ತೆರೆದಿದ್ದರೆ ಖಂಡಿತ ನೋಡಿ.

ನೀರಿನ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಸಮುದ್ರ ನೀಲಿಯಾಗಿ, ಶಾಂತವಾಗಿ ಕಾಣುತ್ತದೆ, ಆದರೆ ಇದು ಉಪ್ಪುನೀರಿನ ಮೊಸಳೆಗಳ ಸೀಮೆ. ನವೆಂಬರ್‌ನಿಂದ ಮೇವರೆಗೆ ವಿಷದ ಲೋಳೆಮೀನಿನ ಕಾಟ ಬೇರೆ. ಊರಿನವರು ‘ಇಳಿಯಬಹುದು’ ಅಂದ ಕಡೆ ಮಾತ್ರ ಇಳಿಯಿರಿ. ಈ ಕರಾವಳಿಯಲ್ಲಿ ಉಬ್ಬರ ಇಳಿತದ ಅಂತರ 9 ಮೀಟರ್ ದಾಟುವ ದಿನಗಳಿವೆ, ಅಂದರೆ ಮೂರಂತಸ್ತಿನ ಮನೆಯಷ್ಟು. ಬೆಳಿಗ್ಗೆ ಕಾರು ನಿಲ್ಲಿಸಿದ ಮರಳು ಮಧ್ಯಾಹ್ನ ನೀರೊಳಗಿರಬಹುದು.

ಊಟ ಕಟ್ಟಿಕೊಂಡೇ ಹೋಗಿ. ಚಿತ್ರಾನ್ನ, ಚಪಾತಿ, ಮೊಸರನ್ನ ಏನಾದರೂ ಆಗುತ್ತೆ. ಜಾರಿಂಜಿನ್ ರೋಡ್‌ಹೌಸ್‌ನಲ್ಲಿ ಪೆಟ್ರೋಲ್ ಸಿಗುತ್ತದೆ, ಸಸ್ಯಾಹಾರಿಗಳು ಅಲ್ಲಿ ಊಟ ನಂಬಿಕೊಳ್ಳುವುದು ಬೇಡ. ತಲೆಗೆ ಮೂರ್ನಾಲ್ಕು ಲೀಟರ್ ನೀರು ಇರಲಿ. ದಾರಿಯಲ್ಲಿ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ, ಮ್ಯಾಪನ್ನು ಬ್ರೂಮ್‌ನಲ್ಲೇ ಇಳಿಸಿಕೊಳ್ಳಿ.

ಜುಲೈನಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಆಮೇಲೆ ರಸ್ತೆಗೆ ದನ, ವಾಲಬಿ (ಕಾಂಗರೂ ಜಾತಿಯ ಚಿಕ್ಕ ಪ್ರಾಣಿ) ಬರುತ್ತವೆ. ಮಕ್ಕಳು ಎಷ್ಟೇ ಹಟ ಮಾಡಲಿ, ಮೂರು ಗಂಟೆಗೆ ಹೊರಟುಬಿಡಿ.