ಎರಡು ಗರ್ಭನಿರೋಧಕ ಮಾತ್ರೆಗಳನ್ನು ಹೋಲಿಸಿ ನೋಡುವುದು ಹೀಗೆ

ಮೆಡಿಕಲ್ ಶಾಪ್‌ನಲ್ಲಿ ಮಾಲಾ-ಡಿ ಕೇಳಿದರೆ "ಅದಿಲ್ಲ, ಓವ್ರಾಲ್-ಎಲ್ ಇದೆ, ಎರಡೂ ಒಂದೇ" ಅಂತ ಕೊಟ್ಟುಬಿಡುತ್ತಾರೆ. ಆ ಮಾತು ಅರ್ಧ ನಿಜ. ಒಳಗಿನ ಔಷಧ ಒಂದೇ, ನುಂಗುವ ಲೆಕ್ಕ ಬೇರೆ. ಆ ಲೆಕ್ಕ ತಪ್ಪಿ ಬಸಿರಾದವರನ್ನು ನೋಡಿದ್ದೇನೆ.

ಮೊದಲು ಹೆಸರು ಮರೆತು ಹಿಂಬದಿಯ ಸಣ್ಣ ಅಕ್ಷರ ಓದಿ. ಎರಡರಲ್ಲೂ ಎರಡು ಹಾರ್ಮೋನ್: ಈಥೈನೈಲ್ ಎಸ್ಟ್ರಾಡಯಾಲ್ 0.03 ಮಿ.ಗ್ರಾಂ., ಲಿವೊನಾರ್ಜೆಸ್ಟ್ರೆಲ್ 0.15 ಮಿ.ಗ್ರಾಂ. ಇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್‌ನಲ್ಲೂ ಇಷ್ಟೇ. ಪುಕ್ಕಟೆ ಮಾತ್ರೆಗೆ ಪವರ್ ಕಮ್ಮಿ ಅನ್ನುವುದು ಸುಳ್ಳು. ಹೆಸರು, ಅಳತೆ, ತಾರೀಕು ಕಾಣದ ಹಾಗೆ ಕತ್ತರಿಸಿದ ಸ್ಟ್ರಿಪ್ ಕೊಟ್ಟರೆ ಮಾತ್ರ ವಾಪಸ್ ಮಾಡಿ.

ನಂತರ ಅಳತೆ ಹೋಲಿಸಿ. ಈಥೈನೈಲ್ ಎಸ್ಟ್ರಾಡಯಾಲ್ ಅನ್ನು ನೇರವಾಗಿ ಹೋಲಿಸಬಹುದು. ಬೇರೆ ಹೆಸರಿನ ಮಾತ್ರೆಗಳನ್ನೇ ನೋಡಿ: ನೊವೆಲಾನ್‌ನಲ್ಲಿ 0.03, ಫೆಮಿಲಾನ್‌ನಲ್ಲಿ 0.02. ಕಡಿಮೆ ಇರುವುದರಲ್ಲಿ ಎರಡು ಮುಟ್ಟಿನ ಮಧ್ಯೆ ರಕ್ತದ ಕಲೆ ಕಾಣಿಸಿಕೊಳ್ಳುವುದು ಜಾಸ್ತಿ. ಎರಡನೇ ಹಾರ್ಮೋನ್ ಬೇರೆ ಬೇರೆಯಾಗಿದ್ದರೆ ಅದರ ತೂಕ ಹೋಲಿಸಲೇಬೇಡಿ. ಯಾಸ್ಮಿನ್‌ನಲ್ಲಿ ಡ್ರೋಸ್ಪಿರಿನೋನ್ 3 ಮಿ.ಗ್ರಾಂ. ಇದೆ ಅಂತ ಅದು ಮಾಲಾ-ಡಿಗಿಂತ ಇಪ್ಪತ್ತು ಪಟ್ಟು ಜೋರಲ್ಲ. ಬ್ಯಾಡಗಿ, ಗುಂಟೂರು ಮೆಣಸಿನಕಾಯಿಯನ್ನು ತೂಗಿ ಖಾರ ಹೇಳೋಕಾಗುತ್ತಾ?

ಈಗ ಮಾತ್ರೆ ಎಣಿಸಿ. ಎಡವುವುದು ಇಲ್ಲೇ.

ಓವ್ರಾಲ್-ಎಲ್‌ನಲ್ಲಿ 21 ಮಾತ್ರೆ, ಎಲ್ಲವೂ ಹಾರ್ಮೋನ್. ಮುಗಿದ ಮೇಲೆ 7 ದಿನ ಬಿಡುವು, ಆಗ ಮುಟ್ಟು ಬರುತ್ತದೆ. ಕೊನೇ ಮಾತ್ರೆ ಭಾನುವಾರ ರಾತ್ರಿ ನುಂಗಿದಿರಿ ಅನ್ನಿ. ಸೋಮವಾರದಿಂದ ಮುಂದಿನ ಭಾನುವಾರದವರೆಗೆ ಬಿಡುವು, ಮರುದಿನ ಸೋಮವಾರ ಹೊಸ ಸ್ಟ್ರಿಪ್. ಮುಟ್ಟು ನಿಂತಿರಲಿ, ನಿಲ್ಲದಿರಲಿ, ದಿನ ದಾಟಬಾರದು.

ಮಾಲಾ-ಡಿಯಲ್ಲಿ 28 ಇವೆ. 21 ಬಿಳಿ ಮಾತ್ರೆ ಹಾರ್ಮೋನಿನವು, 7 ಬಣ್ಣದವು ಬರೀ ಕಬ್ಬಿಣಾಂಶದವು. ಬಿಡುವಿನ ವಾರ ಸ್ಟ್ರಿಪ್‌ನಲ್ಲೇ ಸೇರಿದೆ. 28 ಮುಗಿದ ಮರುದಿನವೇ ಹೊಸ ಸ್ಟ್ರಿಪ್‌ನ ಬಿಳಿ ಮಾತ್ರೆ.

ಓವ್ರಾಲ್ ಅಭ್ಯಾಸವಾದವರು ಮಾಲಾ-ಡಿಗೆ ಬಂದಾಗ ಬಣ್ಣದ ಮಾತ್ರೆ ಮುಗಿಸಿ ಮತ್ತೆ 7 ದಿನ ಸುಮ್ನೆ ಇದ್ದುಬಿಡುತ್ತಾರೆ. ಇನ್ನು ಕೆಲವರು ಬಿಡುವು ಮುಗಿಸಿ, ಹೊಸ ಸ್ಟ್ರಿಪ್ಪನ್ನು ಬಣ್ಣದ ಮಾತ್ರೆಯಿಂದಲೇ ಶುರು ಮಾಡುತ್ತಾರೆ. ಹೇಗೆ ಮಾಡಿದರೂ ಹಾರ್ಮೋನ್ ಇಲ್ಲದೆ 14 ದಿನ ಹೋಯಿತು. ಬಿಡುವು 7 ದಿನ ಮೀರಿತೆಂದರೆ ಅಂಡಾಶಯ ಮತ್ತೆ ಕೆಲಸ ಶುರು ಮಾಡಬಹುದು. ಹಾಗಾಗಿ ಮಾತ್ರೆ ಬದಲಿಸುವಾಗ ನನ್ನ ಸಲಹೆ ಒಂದೇ: ಬಿಡುವೇ ಬೇಡ. ಹಳೆಯದರ ಕೊನೇ ಹಾರ್ಮೋನ್ ಮಾತ್ರೆ ನುಂಗಿದ ಮರುದಿನವೇ ಹೊಸದರ ಮೊದಲ ಹಾರ್ಮೋನ್ ಮಾತ್ರೆ ನುಂಗಿ. ಆ ತಿಂಗಳು ಮುಟ್ಟು ಮುಂದೆ ಹೋಗುತ್ತದೆ, ಗಾಬರಿ ಬೇಡ. ಹೊಸಬರಿಗಂತೂ ನಾನು 28ರ ಸ್ಟ್ರಿಪ್ಪನ್ನೇ ಹೇಳುತ್ತೇನೆ. ದಿನಕ್ಕೊಂದು ಅನ್ನುವ ಅಭ್ಯಾಸ ತಪ್ಪುವುದಿಲ್ಲ.

ಒಂದು ಬಿಳಿ ಮಾತ್ರೆ ಮರೆತರೆ ನೆನಪಾದ ತಕ್ಷಣ ನುಂಗಿ, ಆ ದಿನ ಎರಡಾದರೂ ಸರಿ. ಎರಡು ಅಥವಾ ಹೆಚ್ಚು ತಪ್ಪಿದರೆ ಕೂಡಲೇ ಒಂದು ನುಂಗಿ ಮುಂದುವರಿಸಿ, 7 ದಿನ ಕಾಂಡೋಮ್ ಬಳಸಿ. ಮೂರನೇ ವಾರದಲ್ಲಿ ತಪ್ಪಿದ್ದರೆ ಉಳಿದ ಬಿಳಿ ಮಾತ್ರೆ ಮುಗಿಸಿ, ಬಣ್ಣದವನ್ನು ಬಿಟ್ಟು, ಬಿಡುವಿಲ್ಲದೆ ನೇರ ಹೊಸ ಸ್ಟ್ರಿಪ್. ಮೊದಲ ವಾರದಲ್ಲಾಗಿದ್ದು, ಆ ದಿನಗಳಲ್ಲಿ ಗಂಡನ ಜೊತೆ ಸೇರಿದ್ದರೆ ತಡಮಾಡದೆ ಡಾಕ್ಟರನ್ನು ಕೇಳಿ. ಬಣ್ಣದ ಮಾತ್ರೆ ಮರೆತರೆ ಚಿಂತೆಯಿಲ್ಲ, ಎಸೆಯಿರಿ.

ತುರ್ತು ಮಾತ್ರೆಯನ್ನು ಪ್ರತಿ ತಿಂಗಳೂ ಇವುಗಳ ಬದಲಿಗೆ ನುಂಗುವ ಅಡ್ಡದಾರಿ ಬೇಡವೇ ಬೇಡ. ಛಾಯಾ ಮಾತ್ರೆಯದು ಬೇರೆಯೇ ಔಷಧ, ಬೇರೆಯೇ ಲೆಕ್ಕ. ಅದನ್ನು ಈ ಹೋಲಿಕೆಗೆ ತರಬೇಡಿ.

ಯಾವುದನ್ನೇ ಆರಿಸುವ ಮೊದಲು ಬಿಪಿ ನೋಡಿಸಿ. ಬಿಪಿ ಇರುವವರು, ರಕ್ತ ಹೆಪ್ಪುಗಟ್ಟಿದ ತೊಂದರೆ ಆಗಿದ್ದವರು, 35 ದಾಟಿ ಸಿಗರೇಟ್ ಸೇದುವವರು, ಕಣ್ಣ ಮುಂದೆ ಮಿಂಚು ಹೊಳೆದು ಮೈಗ್ರೇನ್ ಬರುವವರು, ಆರು ತಿಂಗಳೊಳಗಿನ ಕೂಸಿಗೆ ಹಾಲೂಡಿಸುವವರು ಡಾಕ್ಟರ್ ಹತ್ತಿರ ಬೇರೆ ದಾರಿ ಕೇಳಬೇಕು. ಕ್ಷಯಕ್ಕೆ ರಿಫಾಂಪಿಸಿನ್, ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ನುಂಗುತ್ತಿದ್ದರೆ ಅದನ್ನೂ ಹೇಳಿ. ಅವು ಎರಡೂ ಸ್ಟ್ರಿಪ್‌ಗಳ ಶಕ್ತಿ ಕುಂದಿಸುತ್ತವೆ.